ಏಳನೆಯ ವಸ್ತು

ಶಿಡ್ಲಘಟ್ಟ. ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿ.
ಮಂಗಳವಾರ, ಶುಕ್ರವಾರ ಚಿಂತಾಮಣಿ ಬಸ್ಸಿಳಿದು
ಬೆಂದ ಹುಳದ ವಾಸನೆ ದಾಟಿ ಬರುತ್ತೇನೆ.
ಮೊದಲ ತಿಂಗಳು ಮೂಗಿಗೆ ಸೆರಗು ಹಿಡಿದಿದ್ದೆ,
ಈಗ ವಾಸನೆ ಬಾರದ ದಿನ
ದಾರಿ ತಪ್ಪಿದೆನೇನೋ ಅನ್ನಿಸುತ್ತದೆ.

ಚೀಲದಲ್ಲಿ ಆರು ವಸ್ತು.
ಬುಗುರಿ, ಸೋಪುಗುಳ್ಳೆಯ ಡಬ್ಬಿ,
ಕೀಲಿ ಕೊಟ್ಟರೆ ಕುಪ್ಪಳಿಸುವ ತಗಡಿನ ಕಪ್ಪೆ,
ಮಿಂಚುಕಾಗದದ ಗಿರಿಗಿಟ್ಲೆ, ಗೆಜ್ಜೆ ಹಾಕಿದ ಚೆಂಡು,
ಐದು ರೂಪಾಯಿಯ ಬಿಸ್ಕತ್ತು.
ಎರಡೆರಡಾಗಿ ಮುಂದಿಡಬೇಕು, ನಡುವೆ ಒಂದು ಗೇಣು.
ಯಾವುದು ಬೇಕು ಎಂದು
ಹುಬ್ಬು ಕುಣಿಸದೆ, ಪ್ರತಿ ಸಲವೂ ಅದೇ ದನಿಯಲ್ಲಿ ಕೇಳಿ
ಐದು ಸೆಕೆಂಡು ಕಾಯಬೇಕು.
ಆರಕ್ಕೆ ಹದಿನೈದು ಜೋಡಿ.
ಹದಿನೈದು ಸಲವೂ ಮುದಸ್ಸಿರ್
ನನ್ನ ಭುಜದಾಚೆ ಏನನ್ನೋ ನೋಡಿದ.
ಬಿಸ್ಕತ್ತನ್ನು ಒಮ್ಮೆ ಮುಟ್ಟಿದ್ದು ನಿಜ,
ಅದರ ಮೇಲೊಂದು ಇರುವೆ ಇತ್ತು.

ಇನ್ನೊಂದು ಹಾಳೆ, ಇನ್ನೊಂದು ಲೆಕ್ಕ.
ವರ್ತನೆ: ತೆರೆದ ಅಂಗೈ ಕಿವಿಗೋ ಕೆನ್ನೆಗೋ
ಸದ್ದಾಗುವಂತೆ ತಾಗುವುದು.
ಹಟ, ಸಿಟ್ಟು, ಗ್ರಹಚಾರ ಅಂತೆಲ್ಲ ಬರೆಯುವಂತಿಲ್ಲ.
ಕಣ್ಣು ಕಂಡದ್ದು, ಕಿವಿ ಕೇಳಿದ್ದು, ಅಷ್ಟೆ.
ಅಂಗೈಯೊಳಗೆ ಎಣಿಕೆಯ ಯಂತ್ರ,
ಹೆಬ್ಬೆರಳು ಒತ್ತಿದರೆ
ಟಿಕ್.
ಟಿಕ್ ಟಿಕ್.
ಅರ್ಧ ಗಂಟೆಗೆ ಮೂವತ್ತೊಂದು.

ಒಬ್ಬಳ ಕಣ್ಣು ಸಾಕ್ಷಿಯಾಗದು,
ಜೊತೆಗೆ ಇನ್ನೊಬ್ಬರು ಎಣಿಸಬೇಕು.
ಅವನ ಅಮ್ಮಿ ಶಮ್ಶಾದ್ ಹುಣಸೆಬೀಜ ತಂದು ಕೂತಿದ್ದಳು,
ಹೊಡೆತಕ್ಕೊಂದು ಬೀಜ, ಪಾವಿನಿಂದ ತಟ್ಟೆಗೆ.
ಕೊನೆಗೆ ಸುರಿದು ಎಣಿಸಿದರೆ ಹತ್ತೊಂಬತ್ತು.
"ಇನ್ನು ಹನ್ನೆರಡು ಎಲ್ಲಿ ಬಿಟ್ಟೆ?"
ನನ್ನ ದನಿಯಲ್ಲಿ ಮೇಷ್ಟರಗಿರಿ ನನಗೇ ಕೇಳಿಸಿತು.
ಅವಳು ಗೋಡೆಯತ್ತ ಗದ್ದ ಎತ್ತಿದಳು.
ಗೋಡೆಯಾಚೆ ಫಿಲೇಚರು.
ಬಿಸಿನೀರಲ್ಲಿ ಗೂಡು ಕುಣಿಸಿ ಎಳೆ ಬಿಚ್ಚುವ ಚಕ್ರ,
ಅದರ ಒಂದು ಹಲ್ಲು ಮುರಿದಿದೆ,
ಆಗಾಗ ಟಪ್ಪೆನ್ನುತ್ತದೆ.
"ಅವು ಹೊಡ್ಕೊಂಡಿದ್ದಲ್ಲ ಮೇಡಂ,
ಅದ್ರ ಜೊತೆ ಸೇರ್ಕೊಂಡಿದ್ದು.
ಬಾಕಿ ಹತ್ತೊಂಬತ್ತು ಹೊಡ್ಕೊಂಡಿದ್ದು."

ಹನ್ನೊಂದು ವಾರದಿಂದ ಬರುತ್ತಿದ್ದೇನೆ.
ಆ ಟಪ್ಪು ಇಂದು ಕೇಳಿಸಿತು.

ಹತ್ತೊಂಬತ್ತನ್ನು ಮೂವತ್ತೊಂದರಿಂದ ಭಾಗಿಸಿದೆ,
ನೂರಕ್ಕೆ ಅರವತ್ತೊಂದು.
ಎಂಬತ್ತು ಮುಟ್ಟದಿದ್ದರೆ
ವಿವರಣೆಯನ್ನು ತಿದ್ದಿ ಎಂದಿದ್ದರು ತರಬೇತಿಯಲ್ಲಿ.
ಊಟದ ಮುಂಚಿನ ಆ ಪಾಠದಲ್ಲಿ
ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಯಂತ್ರ ಕೆಳಗಿಟ್ಟು, ಬರೆದದ್ದನ್ನು ಹೊಡೆದುಹಾಕುವಾಗ
ಚಾಪೆಯ ಮೇಲೆ ಒಂದು ಕೈ ಹರಿದು ಬಂತು.
ಮುದಸ್ಸಿರ್ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ,
ಅವನ ದಾದಾ ಸಂತೆಕಟ್ಟೆಯಲ್ಲಿ ಗೂಡು ಅಲ್ಲಾಡಿಸುವ ಹಾಗೆ.
ಗಲಗಲ ಅಂದರೆ ಒಳಗಿನ ಹುಳ ಗಟ್ಟಿ,
ಸುಮ್ಮನಿದ್ದರೆ ಕರಗಿ ಅಂಟಿಕೊಂಡಿದೆ ಅಂತ ಲೆಕ್ಕ.
ಯಂತ್ರ ಸುಮ್ಮನಿತ್ತು.
ತಿರುಗಿಸಿದ, ಮೂಸಿದ, ಹಲ್ಲಿಗೆ ತಾಗಿಸಿದ.
ಆಮೇಲೆ ಹೆಬ್ಬೆರಳು.
ಟಿಕ್.
ಮೂವತ್ತೆರಡು. ಮೂವತ್ತಮೂರು.
ನನ್ನ ಬೆಳಗಿನ ಲೆಕ್ಕವೆಲ್ಲ ಅವನ ಸುಖದಲ್ಲಿ ಕಲೆಸಿಹೋಯಿತು.
ಐದು ಸೆಕೆಂಡೇನು, ಐದು ನಿಮಿಷ
ಕೈಬಿಡಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.
ಗೋಡೆಯಾಚೆ ಚಕ್ರ ನಿಧಾನಿಸಿ, ನಿಂತಿತು.
ಅವನ ಎಡಗೈ ಮೇಲೆದ್ದಿತು.
ಶಮ್ಶಾದ್ ಉಸಿರು ಹಿಡಿದಳು, ನಾನೂ.
ಟಿಕ್, ಟಿಕ್, ಟಿಕ್ ಅಂದಿತು ಬಲಗೈ,
ನಿಂತ ಚಕ್ರದ ಲಯವನ್ನು ಎಲ್ಲಿಂದಲೋ ಎತ್ತಿಕೊಂಡು.
ನಾಲ್ಕನೆಯದಕ್ಕೆ ಅಂಗೈ ಕೆನ್ನೆಗೆ ಬಿತ್ತು, ಜೋರಾಗಿ.
ಶಮ್ಶಾದ್ ನನ್ನತ್ತ ಪಾವು ಸರಿಸಿದಳು.
ನಾನು ಒಂದು ಬೀಜ ಎತ್ತಿ ತಟ್ಟೆಗಿಟ್ಟೆ.

ಸಂಜೆ ಬಸ್ಸಿನಲ್ಲಿ, ತೊಡೆಯ ಮೇಲೆ ಹಾಳೆ.
ಆರು ಸಾಲಿಗೂ ಸೊನ್ನೆ ಬರೆದು
ಕೆಳಗೆ ಗೆರೆ ಎಳೆದು ಸೇರಿಸಿದೆ:
ಏಳು. ಎಣಿಕೆಯ ಯಂತ್ರ, ಇಲಾಖೆಯದು.
ವಾಪಸು ಮಾಡಿದ ದಿನಾಂಕ ಎಂಬ ಜಾಗದಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು.
ರಸ್ತೆ ಕುಲುಕಿ ಒಂದು ಚುಕ್ಕೆ ಬಿತ್ತು, ಹಾಗೇ ಬಿಟ್ಟೆ.